ಬ್ರನೋ ಮಠದ 556 ಕಾಳು

ಚೌಕಾಬಾರ ಆಡಿದವರಿಗೆ ಗೊತ್ತಿರುವಂತೆ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಆದರೆ ಒಂದೇ ಕವಡೆಯನ್ನು ನೂರು ಸಲ ಎಸೆದರೆ ಎಷ್ಟು ಸಲ ಅಂಗಾತ ಬೀಳುತ್ತದೆ ಎಂಬ ಪ್ರಶ್ನೆಗೆ ಕುಳಿತಲ್ಲೇ ಯೋಚಿಸಿ ಉತ್ತರ ಹೇಳಲು ಯಾರಿಂದಲೂ ಆಗದು. ನಾಣ್ಯಕ್ಕೆ ಎರಡು ಮೈ, ದಾಳಕ್ಕೆ ಆರು ಮುಖ. ಅಲ್ಲಿ ಎಲ್ಲ ಮುಖಗಳೂ ಸಮ ಎಂದುಕೊಂಡು ಲೆಕ್ಕ ಹಾಕಿಬಿಡಬಹುದು. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ, ನಡುವೆ ಹಲ್ಲು ಹಲ್ಲಾದ ಸೀಳು ಬಾಯಿ, ಒಂದರಂತೆ ಇನ್ನೊಂದಿಲ್ಲ. ಕವಡೆ ಸಿಗದ ಕಡೆ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ತೇದು ಆಡುತ್ತಾರೆ. ಅದರ ಕಥೆಯೂ ಅಷ್ಟೆ. ಎಸೆಯಬೇಕು, ಎಣಿಸಬೇಕು, ಬೇಕಾದದ್ದು ಬಿದ್ದ ಸಲವನ್ನು ಒಟ್ಟು ಎಸೆತದಿಂದ ಭಾಗಿಸಬೇಕು. ಹೀಗೆ ಸಿಗುವುದನ್ನೇ ನಮ್ಮ ಶಾಲೆಯ ಪುಸ್ತಕಗಳು ಪ್ರಾಯೋಗಿಕ ಸಂಭವನೀಯತೆ ಎನ್ನುತ್ತವೆ. ಒಂದು ಕವಡೆ ಹತ್ತಕ್ಕೆ ನಾಲ್ಕು ಸಲ ಅಂಗಾತ ಬೀಳುತ್ತದೆ ಎಂದು ಗೊತ್ತಾಯಿತೆನ್ನಿ. ಇನ್ನೊಂದರದೂ ಅಷ್ಟೇ ಎನ್ನಿ. ಎರಡೂ ಒಟ್ಟಿಗೆ ಅಂಗಾತ ಬೀಳುವುದು ಎಷ್ಟು ಸಲ? ನಾಲ್ಕನ್ನು ನಾಲ್ಕರಿಂದ ಗುಣಿಸಿ, ನೂರಕ್ಕೆ ಹದಿನಾರು ಎನ್ನುತ್ತದೆ ಪುಸ್ತಕ. ಜೊತೆಗೆ ಒಂದು ಷರತ್ತನ್ನೂ ಹಾಕುತ್ತದೆ: ಎರಡು ಘಟನೆಗಳು ಸ್ವತಂತ್ರವಾಗಿದ್ದರೆ.

ಆ ಕೊನೆಯ ‘ರೆ’ ಪ್ರತ್ಯಯದಲ್ಲೇ ಇಡೀ ವಿಷಯ ಅಡಗಿದೆ. ಸ್ವತಂತ್ರವಾಗಿವೆ ಎಂದು ಹೇಳುವವರು ಯಾರು, ಯಾವ ಆಧಾರದ ಮೇಲೆ? ತರಗತಿಯಲ್ಲಿ ಅದನ್ನು ಪ್ರಶ್ನೆ ಬರೆದವರೇ ಹೇಳಿಬಿಡುತ್ತಾರೆ. ಮಕ್ಕಳು ಗುಣಿಸುತ್ತಾರೆ, ಉತ್ತರ ಸರಿಯಾಗುತ್ತದೆ. ಲೋಕದಲ್ಲಿ ಹಾಗೆ ಹೇಳಿಕೊಡುವವರಿಲ್ಲ. ಸ್ವಾತಂತ್ರ್ಯವನ್ನು ಮೊದಲೇ ಒಪ್ಪಿಕೊಂಡು ಹೊರಡಲಾಗದು, ಎಣಿಸಿ ಕಂಡುಕೊಳ್ಳಬೇಕು. ಈ ಕಂಡುಕೊಳ್ಳುವ ಪದ್ಧತಿಗೂ ಒಂದು ಇತಿಹಾಸವಿದೆ ಎಂಬುದು ನನ್ನ ವಾದ. ಆ ಇತಿಹಾಸದ ಅತ್ಯಂತ ಸ್ಪಷ್ಟವಾದ ಪುಟವನ್ನು ಬರೆದದ್ದು ಜೂಜುಕಟ್ಟೆಯಲ್ಲ, ಒಂದು ಮಠದ ಹಿತ್ತಿಲು.

ಜೂಜಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 17ನೇ ಶತಮಾನದ ಫ್ರಾನ್ಸಿನಲ್ಲಿ ಶೆವಲಿಯೇ ದ ಮೇರೆ ಎಂಬ ಗಣ್ಯ ದಾಳದ ಪಂದ್ಯದ ಪ್ರಶ್ನೆಗಳನ್ನು ಗಣಿತಜ್ಞ ಪಾಸ್ಕಲನ ಮುಂದಿಟ್ಟ. 1654ರಲ್ಲಿ ಪಾಸ್ಕಲ್ ಮತ್ತು ಇನ್ನೊಬ್ಬ ಗಣಿತಜ್ಞ ಫರ್ಮಾ ಪತ್ರ ಬರೆದುಕೊಂಡು ಅವನ್ನು ಬಿಡಿಸಿದರು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಮ್ಮೆಯಾದರೂ ಆರು ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 51.8, ಎರಡು ದಾಳವನ್ನು 24 ಸಲ ಎಸೆದರೆ ಒಮ್ಮೆಯಾದರೂ ಜೋಡಿ ಆರು ಬೀಳುವ ಸಾಧ್ಯತೆ ಸುಮಾರು 49.1. ಮೊದಲನೆಯ ಪಂದ್ಯ ಕಟ್ಟಿದವನು ನಿಧಾನವಾಗಿ ಗೆಲ್ಲುತ್ತಾನೆ, ಎರಡನೆಯದನ್ನು ಕಟ್ಟಿದವನು ನಿಧಾನವಾಗಿ ಸೋಲುತ್ತಾನೆ. ಈ ಲೆಕ್ಕದ ಬುಡದಲ್ಲಿರುವುದು ಆರನೇ ಒಂದನ್ನು ಆರನೇ ಒಂದರಿಂದ ಗುಣಿಸಿದ 36ನೇ ಒಂದು. 1718ರಲ್ಲಿ ಅಬ್ರಹಾಂ ದ ಮುವಾವ್ರ್ ತನ್ನ ಸಂಭವನೀಯತೆಯ ಗ್ರಂಥವನ್ನು ಅಚ್ಚು ಹಾಕಿಸುವ ಹೊತ್ತಿಗೆ ಈ ಗುಣಾಕಾರ ಪಳಗಿದ ಸೂತ್ರವಾಗಿತ್ತು. ಗಮನಿಸಬೇಕಾದದ್ದೆಂದರೆ, ಒಂದು ದಾಳ ಇನ್ನೊಂದಕ್ಕೆ ತಡೆಯನ್ನೂ ಒಡ್ಡದು, ನೆರವನ್ನೂ ನೀಡದು ಎಂಬುದನ್ನು ಇವರಾರೂ ಎಣಿಸಿ ಸಾಧಿಸಲಿಲ್ಲ. ಅದು ಎದ್ದು ಕಾಣುವ ಮಾತು ಎಂದುಕೊಂಡರು. ದಾಳದ ಮಟ್ಟಿಗೆ ಅದು ನಿಜವೂ ಹೌದು.

ಎದ್ದು ಕಾಣದ ಕಡೆ ಏನು ಮಾಡಬೇಕು ಎಂಬುದೇ ಮುಂದಿನ ಪ್ರಶ್ನೆ. ಅದಕ್ಕಾಗಿ ಮೊರಾವಿಯಾದ ಬ್ರನೋಗೆ ಹೋಗಬೇಕು. ಇಂದು ಚೆಕ್ ಗಣರಾಜ್ಯದಲ್ಲಿರುವ ಈ ಊರು ಆಗ ಆಸ್ಟ್ರಿಯಾ ಸಾಮ್ರಾಜ್ಯದ ಉಣ್ಣೆಬಟ್ಟೆಯ ಕೇಂದ್ರ. ಉಣ್ಣೆ ಬೇಕಾದವರಿಗೆ ಒಳ್ಳೆಯ ಕುರಿ ಬೇಕು, ಒಳ್ಳೆಯ ಕುರಿ ಬೇಕಾದವರಿಗೆ ತಳಿಯ ಗುಟ್ಟು ಬೇಕು. ಅಲ್ಲಿನ ಸಂತ ಥಾಮಸ್ ಮಠದ ಅಧಿಪತಿ ಸಿರಿಲ್ ನಾಪ್ ಕುರಿಸಾಕಣೆಯವರ ಸಭೆಗಳಲ್ಲಿ ಕೂರುತ್ತಿದ್ದವರು. ತಂದೆತಾಯಿಯಿಂದ ಮರಿಗೆ ಬರುವುದು ಏನು, ಬರುವುದು ಹೇಗೆ ಎಂದು 1830ರ ದಶಕದಲ್ಲೇ ಕೇಳಿದ್ದವರು. ಇದೇ ಮಠಕ್ಕೆ 1843ರಲ್ಲಿ ಬಡ ರೈತನ ಮಗ ಗ್ರೆಗೋರ್ ಮೆಂಡಲ್ ಸೇರಿಕೊಂಡ. ಮಠದ ಖರ್ಚಿನಲ್ಲಿ 1851ರಿಂದ 1853ರವರೆಗೆ ವಿಯೆನ್ನಾದಲ್ಲಿ ಓದಿದ. ಅಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದವರಲ್ಲಿ ಡಾಪ್ಲರ್ ಒಬ್ಬ, ಸಂಯೋಜನೆಗಳ ಗಣಿತದ ಮೇಲೆ ಪುಸ್ತಕ ಬರೆದಿದ್ದ ಎಟ್ಟಿಂಗ್ಸ್‌ಹೌಸೆನ್ ಇನ್ನೊಬ್ಬ. ಕುರಿಯವರ ಪ್ರಶ್ನೆ, ಭೌತಶಾಸ್ತ್ರದವರ ಶಿಸ್ತು, ಸಂಯೋಜನೆಯ ಗಣಿತ, ಮೂರೂ ಒಂದೇ ತಲೆಯಲ್ಲಿ ಕೂಡಿದ್ದು ಆಕಸ್ಮಿಕವೇ ಇರಬಹುದು. ಆದರೆ ಆ ತಲೆಗೆ ಒಂದು ತುಂಡು ಹಿತ್ತಿಲನ್ನು, ಎಂಟು ವರ್ಷದ ಬಿಡುವನ್ನು ಕೊಟ್ಟದ್ದು ಆಕಸ್ಮಿಕವಲ್ಲ, ಮಠದ ಉದಾರತೆ. ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಆ ಪಾತಿಯಲ್ಲಿ 1856ರಿಂದ 1863ರವರೆಗೆ ಬಟಾಣಿ ಬೆಳೆಯಿತು.

ಬಟಾಣಿ ಹೂವಿನ ಕೇಸರಗಳೂ ಅಂಡಾಶಯವೂ ಒಂದೇ ದೋಣಿಯಂಥ ದಳದೊಳಗೆ ಮುಚ್ಚಿಕೊಂಡಿರುತ್ತವೆ. ಬಿಟ್ಟರೆ ತನ್ನ ಪರಾಗ ತನಗೇ ತಗುಲುತ್ತದೆ. ಆದ್ದರಿಂದ ಮೊಗ್ಗು ಪೂರ್ತಿ ಅರಳುವ ಮೊದಲೇ ಬಿಡಿಸಿ, ಒಂದೊಂದೇ ಕೇಸರವನ್ನು ಚಿಮುಟದಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಶಲಾಕಾಗ್ರದ ಮೇಲೆ ಸವರಬೇಕು. ದುಂಡು ಕಾಳಿನ ಗಿಡವನ್ನು ಸುಕ್ಕು ಕಾಳಿನ ಗಿಡದೊಂದಿಗೆ ಹೀಗೆ ಕೂಡಿಸಿದರೆ ಮೊದಲ ಪೀಳಿಗೆಯ ಕಾಳೆಲ್ಲ ದುಂಡು. ಅವನ್ನು ಬಿತ್ತಿ ತಮ್ಮಷ್ಟಕ್ಕೆ ಕಾಯಿ ಕಟ್ಟಲು ಬಿಟ್ಟಾಗ 253 ಗಿಡಗಳಿಂದ 7,324 ಕಾಳು ಸಿಕ್ಕವು: 5,474 ದುಂಡು, 1,850 ಸುಕ್ಕು. ಹಳದಿ ಮತ್ತು ಹಸಿರು ಕಾಳಿನ ಬೇರೊಂದು ಪ್ರಯೋಗದಲ್ಲಿ 258 ಗಿಡಗಳಿಂದ 8,023 ಕಾಳು: 6,022 ಹಳದಿ, 2,001 ಹಸಿರು. ಎರಡರಲ್ಲೂ ಮೂರಕ್ಕೊಂದು. ಈ ಮೂರಕ್ಕೊಂದು ಎಂಬುದು ಎಷ್ಟು ಅಲುಗಾಡುವ ಸಂಖ್ಯೆ ಎಂಬುದನ್ನೂ ಮೆಂಡಲ್ ಮುಚ್ಚಿಡಲಿಲ್ಲ. ಒಂದು ಗಿಡದಲ್ಲಿ 43 ದುಂಡು, ಬರೀ 2 ಸುಕ್ಕು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. ಒಂದು ಗಿಡದ ಎರಡು ಹಿಡಿ ಕಾಳು ನೋಡಿ ತೀರ್ಮಾನಿಸಿದ್ದರೆ ಸತ್ಯ ಸಿಗುತ್ತಿರಲಿಲ್ಲ. ಸಾವಿರಗಟ್ಟಲೆ ಎಣಿಸಿದ್ದರಿಂದಲೇ ಸಂಖ್ಯೆ ಒಂದು ಕಡೆ ನಿಂತಿತು.

ಎಣಿಸುವ ವಿದ್ಯೆ ಹೊಸದೇನಲ್ಲ. ನಳೋಪಾಖ್ಯಾನದ ಋತುಪರ್ಣ ರಥ ನಿಲ್ಲಿಸಿ ತಾರೆಮರದ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ಆ ಮರದ ಕಾಯಿಯೇ ಅಂದಿನ ದಾಳವಾಗಿತ್ತು, ಎಣಿಕೆಯ ವಿದ್ಯೆಗೂ ಅಕ್ಷದ ವಿದ್ಯೆಗೂ ನಂಟಿದೆ ಎಂಬುದು ಆ ಕಥೆಗೆ ಗೊತ್ತಿತ್ತು. ಮೆಂಡಲನಿಗಿಂತ ಮುಂಚೆ ಜರ್ಮನ್ ನಾಡಿನಲ್ಲಿ ಕೋಲ್‌ರಾಯ್ಟರ್, ಗೇರ್ಟ್‌ನರ್ ಮುಂತಾದವರು ಲೆಕ್ಕವಿಲ್ಲದಷ್ಟು ಗಿಡಗಳನ್ನು ಕೂಡಿಸಿ ನೋಡಿದ್ದರು. ಬ್ರನೋದಲ್ಲಿ ಹೊಸದಾಗಿ ನಡೆದದ್ದು ಒಂದೇ ಕಾಳಿನ ಮೇಲೆ ಎರಡು ಎಣಿಕೆ. ದುಂಡು ಹಳದಿ ಗಿಡವನ್ನು ಸುಕ್ಕು ಹಸಿರು ಗಿಡದೊಂದಿಗೆ ಕೂಡಿಸಿ, ಅದರ ಸಂತತಿಯ 15 ಗಿಡಗಳಿಂದ ಮೆಂಡಲ್ 556 ಕಾಳು ಬಿಡಿಸಿದ. ಪ್ರತಿ ಕಾಳಿಗೂ ಎರಡು ಪ್ರಶ್ನೆ: ಮೈ ದುಂಡೋ ಸುಕ್ಕೋ, ಬಣ್ಣ ಹಳದಿಯೋ ಹಸಿರೋ. ನಾಲ್ಕು ರಾಶಿಯಾಯಿತು. ದುಂಡು ಹಳದಿ 315, ಸುಕ್ಕು ಹಳದಿ 101, ದುಂಡು ಹಸಿರು 108, ಸುಕ್ಕು ಹಸಿರು 32.

ಇಲ್ಲಿ ಓದುಗರು ಒಂದು ಪೆನ್ಸಿಲ್ ಹಿಡಿಯಬೇಕು. ರಾಶಿಗಳನ್ನು ಕೂಡಿದರೆ ಸುಕ್ಕು ಕಾಳು ಒಟ್ಟು 133, ಹಸಿರು ಕಾಳು ಒಟ್ಟು 140. ಅಂದರೆ ಸುಕ್ಕಾಗುವುದರ ಪ್ರಾಯೋಗಿಕ ಸಂಭವನೀಯತೆ 556ಕ್ಕೆ 133, ಹಸಿರಾಗುವುದರದು 556ಕ್ಕೆ 140. ಎರಡೂ ಗುಣಗಳು ಪರಸ್ಪರ ಸಂಬಂಧವಿಲ್ಲದೆ ಬರುವುದಾದರೆ ಈ ಎರಡನ್ನು ಗುಣಿಸಿ 556 ಕಾಳಿಗೆ ಅನ್ವಯಿಸಿದಾಗ ಸುಕ್ಕೂ ಹಸಿರೂ ಆದ ಕಾಳು 33.5 ಬರಬೇಕು. ತಟ್ಟೆಯಲ್ಲಿದ್ದದ್ದು 32. ಹಳೆಯ ಎರಡು ಪ್ರಯೋಗಗಳನ್ನು, ಅಂದರೆ ಬೇರೆ ಗಿಡ, ಬೇರೆ ಕಾಳುಗಳಿಂದ ಸಿಕ್ಕ ಪ್ರಮಾಣಗಳನ್ನು ಗುಣಿಸಿದರೂ 556ಕ್ಕೆ 35 ಬರುತ್ತದೆ. ನನಗೆ ಈ ಎರಡನೆಯ ಲೆಕ್ಕವೇ ಹೆಚ್ಚು ಬೆರಗಿನದು. ಒಂದು ಪ್ರಯೋಗ ಬರೀ ಮೈಯನ್ನು ನೋಡಿತು, ಇನ್ನೊಂದು ಬರೀ ಬಣ್ಣವನ್ನು ನೋಡಿತು. ಎರಡನ್ನೂ ಗುಣಿಸಿದರೆ ಮೂರನೆಯ ಪ್ರಯೋಗದ ಅತಿ ಅಪರೂಪದ ರಾಶಿ ಎಷ್ಟು ದೊಡ್ಡದು ಎಂದು ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಮೆಂಡಲ್ ಅಲ್ಲಿಗೂ ನಿಲ್ಲಿಸಲಿಲ್ಲ. ಮರುವರ್ಷ ಅವೇ ಕಾಳುಗಳನ್ನು ಬಿತ್ತಿದ. 315 ದುಂಡು ಹಳದಿ ಕಾಳುಗಳಲ್ಲಿ 301 ಗಿಡವಾಗಿ ಫಲ ಕೊಟ್ಟವು. ಅವುಗಳ ಕಾಯಿ ಬಿಡಿಸಿ, ಹೊರಗೆ ಒಂದೇ ರೀತಿ ಕಂಡ ಕಾಳು ಒಳಗೆ ನಾಲ್ಕು ಬಗೆ ಎಂದು ತೋರಿಸಿದ: 38, 65, 60, 138. ಹೊರರೂಪದಲ್ಲಿ ಕಂಡ ಗುಣಾಕಾರ ಒಳಗಿನ ಬೀಜಗುಣದಲ್ಲೂ ನಡೆಯಿತು. 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಊರಿನ ನಿಸರ್ಗ ವಿಜ್ಞಾನ ಸಂಘದಲ್ಲಿ ಇದನ್ನೆಲ್ಲ ಓದಿದ; ಮರುವರ್ಷ ಅಚ್ಚಾಯಿತು. 1884ರಲ್ಲಿ ಆತ ತೀರಿಕೊಂಡಾಗಲೂ ಅದರ ಬೆಲೆ ತಿಳಿದವರು ಇರಲಿಲ್ಲವೆಂದರೆ ತಪ್ಪಾಗದು.

ಗಣಿತ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಗುಣಾಕಾರದ ಸೂತ್ರಕ್ಕೆ ಕಾಳು ಎಣಿಸುವ ಹಂಗೇಕೆ? ಸ್ವಾತಂತ್ರ್ಯದ ವ್ಯಾಖ್ಯೆಯೇ ಆ ಗುಣಾಕಾರವಲ್ಲವೇ? ಹೌದು, ವ್ಯಾಖ್ಯೆ ಅದೇ. ಆದರೆ ವ್ಯಾಖ್ಯೆ ಯಾವ ಎರಡು ಘಟನೆಗಳಿಗೆ ಒಪ್ಪುತ್ತದೆ ಎಂಬುದನ್ನು ವ್ಯಾಖ್ಯೆಯೇ ಹೇಳಲಾರದು. ಇದನ್ನು ದಾಳದಲ್ಲೇ ನೋಡಬಹುದು. ಇಂಗ್ಲೆಂಡಿನ ಜೀವವಿಜ್ಞಾನಿ ವೆಲ್ಡನ್ 12 ದಾಳಗಳನ್ನು ಒಟ್ಟಿಗೆ ಎಸೆದ 26,306 ಎಸೆತಗಳ ಲೆಕ್ಕವನ್ನು 1894ರಲ್ಲಿ ಗಾಲ್ಟನ್ ಎಂಬ ವಿಜ್ಞಾನಿಗೆ ಬರೆದು ತಿಳಿಸಿದ. ಐದು ಅಥವಾ ಆರು ಬೀಳುವ ಪ್ರಮಾಣ ಮೂರನೇ ಒಂದು, ಅಂದರೆ 0.3333 ಇರಬೇಕಿತ್ತು, ಬಂದದ್ದು 0.3377. ಇಷ್ಟು ಸಾವಿರ ಎಸೆತದಲ್ಲಿ ಈ ಚಿಕ್ಕ ಅಂತರ ಚಿಕ್ಕದಲ್ಲ, ದಾಳಗಳು ಸಮವಾಗಿರಲಿಲ್ಲ. 1900ರಲ್ಲಿ ಕಾರ್ಲ್ ಪಿಯರ್ಸನ್, ಎಣಿಕೆ ಸಿದ್ಧಾಂತಕ್ಕೆ ಹೊಂದುತ್ತದೆಯೇ ಎಂದು ನೋಡುವ ತನ್ನ ಹೆಸರಾಂತ ಪರೀಕ್ಷೆಯನ್ನು ಮಂಡಿಸಿದಾಗ ಬಳಸಿದ್ದು ಇದೇ ಲೆಕ್ಕವನ್ನು. ಆದರೆ 0.3377 ಎಂಬ ಎಣಿಸಿ ಕಂಡ ಪ್ರಮಾಣವನ್ನೇ ಹಿಡಿದು, ದಾಳಗಳು ಒಂದಕ್ಕೊಂದು ಸ್ವತಂತ್ರ ಎಂದುಕೊಂಡು ಗುಣಿಸುತ್ತಾ ಹೋದರೆ ಕೋಷ್ಟಕ ಚೆನ್ನಾಗಿಯೇ ಹೊಂದುತ್ತದೆ. ಸಮತೆ ಸುಳ್ಳಾಯಿತು, ಸ್ವಾತಂತ್ರ್ಯ ನಿಜವಾಯಿತು. ಇವು ಎರಡು ಬೇರೆ ಪ್ರಶ್ನೆಗಳು ಎಂಬುದು ಸೂತ್ರ ಓದಿದವರಿಗೆ ಹೊಳೆಯುವುದಿಲ್ಲ, ಎಸೆದು ಎಣಿಸಿದವರಿಗೆ ಹೊಳೆಯುತ್ತದೆ. ಓರೆ ಕವಡೆಗೂ ಗುಣಾಕಾರ ಸಲ್ಲುವುದು ಇದರಿಂದಲೇ.

ಇನ್ನೊಂದು ಆಕ್ಷೇಪ ಮೆಂಡಲನ ಪ್ರಾಮಾಣಿಕತೆಗೇ ಕೈ ಹಾಕುತ್ತದೆ; ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಮೆಂಡಲನ ಸಂಖ್ಯೆಗಳು ಅತಿ ಚೆನ್ನಾಗಿವೆ ಎಂದು 1902ರಲ್ಲೇ ವೆಲ್ಡನ್ ಗುರುತಿಸಿದ್ದ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ಎಲ್ಲ ಪ್ರಯೋಗಗಳನ್ನೂ ಒಟ್ಟು ಮಾಡಿ ಲೆಕ್ಕ ಹಾಕಿ, ಸಿದ್ಧಾಂತಕ್ಕೆ ಇಷ್ಟು ಹತ್ತಿರದ ಫಲ ಬರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದ. ಉತ್ತರ ಗೊತ್ತಿದ್ದ ಸಹಾಯಕ ಯಾರೋ ಕಾಳುಗಳನ್ನು ಆ ಉತ್ತರದತ್ತ ವಾಲಿಸಿ ಎಣಿಸಿರಬಹುದು ಎಂಬುದು ಅವನ ಊಹೆ. ಅರೆ ಸುಕ್ಕಾದ ಕಾಳು ಯಾವ ರಾಶಿಗೆ ಸೇರಬೇಕು ಎಂಬಲ್ಲಿ ಕಣ್ಣು ಪಕ್ಷಪಾತ ಮಾಡುವುದು ಸಾಧ್ಯ; ಎಣಿಸಿದವರಿಗೆ ಆ ಕಷ್ಟ ಗೊತ್ತು. 14 ದುಂಡು, 15 ಸುಕ್ಕಿನಂಥ ಮುಜುಗರದ ಗಿಡವನ್ನು ತಾನೇ ಅಚ್ಚು ಹಾಕಿಸಿದವನು ವಂಚಕನಾಗಿರಲಾರ ಎಂಬುದು ನನ್ನ ಅಭಿಪ್ರಾಯ. ಆದರೆ ವಾದ ನಿಲ್ಲಬೇಕಾದದ್ದು ಅವನ ಸ್ವಭಾವದ ಮೇಲಲ್ಲ, ಬೇರೆಯವರ ಎಣಿಕೆಯ ಮೇಲೆ. 1900ರಲ್ಲಿ ಕೊರೆನ್ಸ್, ಚೆರ್ಮಾಕ್ ಬಟಾಣಿಯನ್ನೇ ಮತ್ತೆ ಎಣಿಸಿ ಅದೇ ಪ್ರಮಾಣ ಕಂಡರು. ಕೆಲವೇ ವರ್ಷಗಳಲ್ಲಿ ಡಾರ್ಬಿಶೈರ್ ಹಳದಿ ಹಸಿರಿನ 1,45,000ಕ್ಕೂ ಹೆಚ್ಚು ಕಾಳುಗಳನ್ನು ಎಣಿಸಿದ. ಅಲ್ಲೂ ಹಸಿರು ಕಾಲು ಭಾಗ. ಪ್ರಾಯೋಗಿಕ ಸಂಭವನೀಯತೆಯ ಬಲವೇ ಇದು: ಒಬ್ಬನ ಮಾತನ್ನು ನಂಬಬೇಕಾಗಿಲ್ಲ, ಇನ್ನೊಬ್ಬ ಬಿತ್ತಿ ನೋಡಬಹುದು.

ಈ ಮರು ಎಣಿಕೆಯ ಹಾದಿಯಲ್ಲೇ ಇತಿಹಾಸದ ಅತ್ಯಂತ ಫಲವತ್ತಾದ ಸೋಲು ಕಾದಿತ್ತು. 1905ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಬೇಟ್ಸನ್, ಎಡಿತ್ ಸಾಂಡರ್ಸ್ ಮತ್ತು ಪನೆಟ್ ಎಂಬ ಮೂವರು ಬಟಾಣಿಯ ನೆಂಟನಾದ ಸ್ವೀಟ್ ಪೀ ಎಂಬ ಹೂಬಳ್ಳಿಯನ್ನು ಬೆಳೆಸಿ ಎಣಿಸುತ್ತಿದ್ದರು. ಹೂವು ನೇರಳೆಯೋ ಕೆಂಪೋ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಪರಾಗದ ಕಣ ಉದ್ದವೋ ದುಂಡೋ ಎಂಬುದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಬೇಕು. ಅವರ ಹೆಸರಿನಲ್ಲಿ ಪಠ್ಯಗಳಿಗೆ ಬಂದಿರುವ ಎಣಿಕೆಯಲ್ಲಿ 6,952 ಗಿಡಗಳಿವೆ: ನೇರಳೆ ಉದ್ದ 4,831, ನೇರಳೆ ದುಂಡು 390, ಕೆಂಪು ಉದ್ದ 393, ಕೆಂಪು ದುಂಡು 1,338. ಬಣ್ಣವನ್ನು ಮಾತ್ರ ನೋಡಿ: ಕೆಂಪು 1,731, ಸರಿಯಾಗಿ ಕಾಲು ಭಾಗದ ಹತ್ತಿರ. ಪರಾಗವನ್ನು ಮಾತ್ರ ನೋಡಿ: ದುಂಡು 1,728, ಅದೂ ಕಾಲು ಭಾಗ. ಒಂದೊಂದನ್ನೇ ನೋಡಿದರೆ ಮೆಂಡಲ್ ಹೇಳಿದ್ದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡನ್ನೂ ಗುಣಿಸಿ, ಕೆಂಪೂ ದುಂಡೂ ಆದ ಗಿಡ 430 ಬರಬೇಕು. ಬಂದದ್ದು 1,338, ಮೂರು ಪಟ್ಟಿಗೂ ಹೆಚ್ಚು. ಬ್ರನೋದ ಹಿತ್ತಿಲಲ್ಲಿ ಒಪ್ಪಿದ ಗುಣಾಕಾರ ಇಲ್ಲಿ ಮುರಿದುಬಿತ್ತು. ಬಣ್ಣಕ್ಕೊಂದು ಪಟ್ಟಿ, ಪರಾಗಕ್ಕೊಂದು ಪಟ್ಟಿ ಎಂದು ಬೇರೆ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದರೆ ಈ ಮುರಿತ ಎಂದಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದೇ ಗಿಡದ ಮುಂದೆ ಎರಡೂ ಗುಣವನ್ನು ಬರೆದ ಆ ಸಣ್ಣ ರೂಢಿಯೇ ಅದನ್ನು ಹಿಡಿದುಕೊಟ್ಟಿತು.

35ಕ್ಕೆ 32 ಬಂದಾಗ ಒಪ್ಪಿಕೊಂಡವರು 430ಕ್ಕೆ 1,338 ಬಂದಾಗ ಯಾಕೆ ಒಪ್ಪಲಿಲ್ಲ, ಗೆರೆ ಎಳೆಯುವುದು ಎಲ್ಲಿ ಎಂದು ಕೇಳಬಹುದು. ಒರಟು ಅಳತೆಯೊಂದಿದೆ. ಇಂಥ ಎಣಿಕೆಯಲ್ಲಿ ಬರಿಯ ಆಕಸ್ಮಿಕದಿಂದ ಆಗುವ ಏರುಪೇರು ನಿರೀಕ್ಷಿತ ಸಂಖ್ಯೆಯ ವರ್ಗಮೂಲದ ಆಸುಪಾಸು ಇರುತ್ತದೆ. 35ರ ವರ್ಗಮೂಲ ಸುಮಾರು ಆರು. ಮೂರು ಕಾಳಿನ ಕೊರತೆ ಅದರೊಳಗೇ ಮುಗಿಯಿತು. 430ರದು ಸುಮಾರು 21. ಇಲ್ಲಿನ ಅಂತರ 908, ಅಂದರೆ ಅದರ ನಲವತ್ತು ಪಟ್ಟಿಗೂ ಮೀರಿದ್ದು. ಅದನ್ನು ಆಕಸ್ಮಿಕದ ತಲೆಗೆ ಕಟ್ಟಲು ಬರುವುದಿಲ್ಲ. ಬೇಟ್ಸನ್ ಕಟ್ಟಲೂ ಇಲ್ಲ. ಗುಣಗಳ ನಡುವೆ ಜೋಡಣೆ ಇದೆ ಎಂದ, ಆದರೆ ಅವನು ಕೊಟ್ಟ ಕಾರಣ ನಿಲ್ಲಲಿಲ್ಲ. ಸರಿಯಾದ ಕಾರಣ ಸಿಕ್ಕಿದ್ದು ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಹಣ್ಣುನೊಣ ಸಾಕುತ್ತಿದ್ದ ಮೋರ್ಗನ್‌ಗೆ. ವಂಶವಾಹಿಗಳು ವರ್ಣತಂತುವಿನ ಮೇಲೆ ಸಾಲಾಗಿ ಕೂತಿವೆ. ಬೇರೆ ಬೇರೆ ತಂತುವಿನ ಮೇಲಿದ್ದರೆ ಎರಡು ಗುಣಗಳು ಎರಡು ಬಿಡಿ ದಾಳಗಳಂತೆ. ಒಂದೇ ತಂತುವಿನ ಮೇಲೆ ಹತ್ತಿರ ಹತ್ತಿರ ಕೂತಿದ್ದರೆ ಒಂದೇ ದಾರದ ಎರಡು ಗಂಟುಗಳಂತೆ, ಎಳೆದರೆ ಎರಡೂ ಬರುತ್ತವೆ. ಬಟಾಣಿಯ ಮೈಯ ವಂಶವಾಹಿಯೂ ಬಣ್ಣದ ವಂಶವಾಹಿಯೂ ಬೇರೆ ತಂತುಗಳ ಮೇಲಿವೆ. ಆಗಾಗ ತಂತು ತುಂಡಾಗಿ ಜೊತೆಯ ತಂತುವಿನ ತುಂಡಿನೊಂದಿಗೆ ಅದಲುಬದಲಾಗುವುದುಂಟು. ಗಂಟುಗಳ ನಡುವಿನ ದೂರ ಹೆಚ್ಚಿದಷ್ಟೂ ಅವು ಬೇರೆಯಾಗುವ ಸಂಭವ ಹೆಚ್ಚು.

ಹಾಗಾದರೆ ಬೇಟ್ಸನ್ ತಂಡದ ಎಣಿಕೆ ಮೆಂಡಲನನ್ನು ಸುಳ್ಳು ಮಾಡಿತೇ? ಮೆಂಡಲ್ ಆರಿಸಿಕೊಂಡ ಏಳು ಗುಣಗಳು ಬಟಾಣಿಯ ಏಳು ಜೊತೆ ವರ್ಣತಂತುಗಳ ಮೇಲೆ ಒಂದೊಂದರಂತೆ ಕೂತಿದ್ದವು, ಅದೃಷ್ಟ ಅವನದು ಎಂದು ಬಹಳ ಕಾಲ ಹೇಳುತ್ತಿದ್ದರು. ಅದು ನಿಜವಲ್ಲ, ಕೆಲವು ಒಂದೇ ತಂತುವಿನ ಮೇಲಿದ್ದರೂ ದೂರ ದೂರ ಇರುವುದರಿಂದ ಬಿಡಿಯಾದಂತೆಯೇ ನಡೆದುಕೊಳ್ಳುತ್ತವೆ. ಸುಳ್ಳಾದದ್ದು ಎಲ್ಲ ಗುಣಗಳೂ ಎಲ್ಲ ಕಾಲಕ್ಕೂ ಸ್ವತಂತ್ರ ಎಂಬ ಅವಸರದ ನಂಬಿಕೆ. ಎಣಿಸಿ, ಗುಣಿಸಿ, ಹೋಲಿಸಿ ನೋಡುವ ಪದ್ಧತಿ ಸುಳ್ಳಾಗಲಿಲ್ಲ. ಸ್ವಾತಂತ್ರ್ಯ ಇದ್ದಲ್ಲಿ ಇದೆ ಎಂದೂ ಇಲ್ಲದಲ್ಲಿ ಇಲ್ಲ ಎಂದೂ ಹೇಳಿದ್ದು ಅದೇ ಪದ್ಧತಿ. 1911ರಲ್ಲಿ ಮೋರ್ಗನ್‌ನ ಪ್ರಯೋಗಾಲಯದಲ್ಲಿದ್ದ 19 ವರ್ಷದ ವಿದ್ಯಾರ್ಥಿ ಸ್ಟರ್ಟೆವಂಟ್‌ಗೆ ಇನ್ನೂ ಮುಂದಿನದು ಹೊಳೆಯಿತು. ಎರಡು ಗುಣಗಳು ಸ್ವಾತಂತ್ರ್ಯದಿಂದ ಎಷ್ಟು ದೂರ ಸರಿದಿವೆ ಎಂಬುದೇ ತಂತುವಿನ ಮೇಲೆ ಅವು ಎಷ್ಟು ಹತ್ತಿರ ಇವೆ ಎಂಬುದರ ಅಳತೆ. ನೊಣಗಳ ಎಣಿಕೆಯ ಹಾಳೆಗಳನ್ನು ಮನೆಗೆ ಒಯ್ದು, ಕಾಲೇಜಿನ ಪಾಠವನ್ನು ಬದಿಗಿಟ್ಟು, ಒಂದು ರಾತ್ರಿಯಲ್ಲಿ ವಂಶವಾಹಿಗಳ ಮೊದಲ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಕಣ್ಣಿಗೆ ಕಾಣದ ವಂಶವಾಹಿಗಳ ದೂರವನ್ನು ಆ ಹುಡುಗ ಅಳೆದದ್ದು ಹೊಂದದ ಲೆಕ್ಕದಿಂದ.

ನಮ್ಮ ತರಗತಿಗಳಲ್ಲಿ ಈ ಪಾಠವನ್ನು ಸೂತ್ರದಿಂದ ಶುರು ಮಾಡುವ ಶಿಕ್ಷಕರಿಗೆ ಒಂದು ಬಿನ್ನಹ. ಮಕ್ಕಳಿಗೆ ಎರಡು ಕವಡೆ ಕೊಡಿ, ಒಂದಕ್ಕೆ ಮಸಿಯ ಗುರುತು ಹಾಕಿ. ಹಾಳೆಯ ಮೇಲೆ ನಾಲ್ಕು ಕಂಬಸಾಲು ಎಳೆದು ಇನ್ನೂರು ಸಲ ಎಸೆಯಲಿ: ಎರಡೂ ಅಂಗಾತ, ಗುರುತಿನದು ಮಾತ್ರ ಅಂಗಾತ, ಗುರುತಿಲ್ಲದ್ದು ಮಾತ್ರ ಅಂಗಾತ, ಎರಡೂ ಬೋರಲು. ಒಂದೊಂದು ಕವಡೆಯ ಪ್ರಮಾಣವನ್ನು ಬೇರೆ ಬೇರೆ ತೆಗೆದು, ಗುಣಿಸಿ, ಮೊದಲ ಕಂಬಸಾಲಿನೊಂದಿಗೆ ಹೋಲಿಸಲಿ. ಆಮೇಲೆ ಅವೇ ಎರಡು ಕವಡೆಗಳನ್ನು ಬಾಯಿ ಒಂದೇ ಕಡೆ ಬರುವಂತೆ ಅಕ್ಕಪಕ್ಕ ಇಟ್ಟು, ದಾರದಿಂದ ಬಿಗಿಯಾಗಿ ಕಟ್ಟಿ, ಮತ್ತೆ ಇನ್ನೂರು ಸಲ ಎಸೆಯಲಿ. ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ಸೂತ್ರವನ್ನು ಹಲಗೆಯ ಮೇಲೆ ಬರೆಯಿರಿ.